ಸಂಪು, ಮೋಟರು, ಟ್ಯಾಂಕು: ದಕ್ಷಿಣ ಬೆಂಗಳೂರಿನ ಮನೆ ನೀರಿನ ಕಥೆ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಸಾಮಾನ್ಯವಾಗಿ ಯಾವ ಮನೆಗೆ ಹೋದರೂ ಮೂರು ವಸ್ತು ಕಾಣುತ್ತವೆ. ಗೇಟಿನ ಒಳಗೆ ನೆಲದಡಿ ಸಂಪು, ಪಕ್ಕದಲ್ಲಿ ಮೋಟರು, ತಾರಸಿ ಮೇಲೆ ಕಪ್ಪು ಟ್ಯಾಂಕು. ಕಾವೇರಿ ನಲ್ಲಿ ಇರುವ ಊರಿಗೆ ಇಷ್ಟೆಲ್ಲ ಯಾಕೆ ಬೇಕಾಯಿತು? ಜಲಜೀವನ್ ಮಿಷನ್ ನಲ್ಲಿ ಬಂದ ಮೇಲೆ ನಮ್ಮ ಹಳ್ಳಿಗಳಲ್ಲೂ ಟ್ಯಾಂಕು, ಮೋಟರಿನ ಮಾತು ಶುರುವಾಗಿದೆ. ಹಾಗಾಗಿ ಈ ಕಥೆ ನಮಗೂ ಬೇಕು.

ಈ ಬಡಾವಣೆಗಳೂ ಹಿಂದೆ ಹಳ್ಳಿಗಳೇ. ಬಿಟಿಎಂ ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಜೆ.ಪಿ. ನಗರದ ಕಡೆ ಸಾರಕ್ಕಿ, ಪುಟ್ಟೇನಹಳ್ಳಿ. ಜಯನಗರದ ಪಕ್ಕದಲ್ಲಿ ಯಡಿಯೂರು. ಈ ಊರುಗಳಿಗೆ ಕೆರೆ ಇತ್ತು, ಕೆರೆ ತುಂಬಿದರೆ ಬಾವಿಗೆ ನೀರು ಬರುತ್ತಿತ್ತು. ಹಗ್ಗ, ರಾಟೆ, ಕೊಡ ಇದ್ದರೆ ಮನೆ ನಡೆಯುತ್ತಿತ್ತು.

ಬೆಂಗಳೂರು ಪೇಟೆಗೆ ಕೊಳಾಯಿ ನೀರು ಬಂದದ್ದು 1896ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ. ಆಗ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಬಂತು. 1948ರಲ್ಲಿ ಜಯನಗರ ಬಡಾವಣೆ ಶುರುವಾಯಿತು. 1964ರ ಕಾಯ್ದೆಯಿಂದ ಜಲಮಂಡಳಿ ಹುಟ್ಟಿತು. ಕಾವೇರಿ ನೀರು ನಗರ ಮುಟ್ಟಿದ್ದು 1974ರಲ್ಲಿ.

ಕಾವೇರಿ ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿದ ನೀರನ್ನು ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳ ಮೂಲಕ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ತಳ್ಳಬೇಕು. ಊರು ಬೆಳೆದಷ್ಟು ಬೇಗ ಈ ನೀರು ಬೆಳೆಯಲಿಲ್ಲ. ಹಾಗಾಗಿ ಸರದಿ ಬಂತು: ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ.

ಸಂಪಿನ ಹುಟ್ಟಿಗೆ ಕಾರಣ ಈ ಸರದಿಯೇ. ಬೀದಿಯ ಪೈಪಿನ ನೀರಿಗೆ ತಾರಸಿ ಹತ್ತುವಷ್ಟು ಒತ್ತಡ ಇರುವುದಿಲ್ಲ, ಆದರೆ ನೆಲದಡಿಯ ಗುಂಡಿಗೆ ಸುಲಭವಾಗಿ ಇಳಿಯುತ್ತದೆ. ಬಂದಾಗ ಹಿಡಿದಿಡಲು ಸಂಪು, ಮೇಲಕ್ಕೆತ್ತಲು ಮೋಟರು, ಬೇಕಾದಾಗ ಬಿಟ್ಟುಕೊಳ್ಳಲು ಟ್ಯಾಂಕು. ಮೊದಲು ತಾರಸಿ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟುತ್ತಿದ್ದರು. 1975ರಲ್ಲಿ ಗುಜರಾತಿನ ಕಲೋಲ್‌ನ ಸಿಂಟೆಕ್ಸ್ ಪ್ಲಾಸ್ಟಿಕ್ ಟ್ಯಾಂಕು ಬಂತು. ಈಗ ಯಾವ ಕಂಪನಿಯ ಟ್ಯಾಂಕಾದರೂ ಜನರ ಬಾಯಲ್ಲಿ ‘ಸಿಂಟೆಕ್ಸು’.

ಕೆಲವರು ಸಂಪು ಬಿಟ್ಟು ಬೀದಿ ಪೈಪಿಗೇ ಮೋಟರು ಹಾಕಿ ಎಳೆಯುತ್ತಾರೆ. ಇದಕ್ಕೆ ಜಲಮಂಡಳಿಯ ಅನುಮತಿ ಇಲ್ಲ. ಕಾರಣ ಸರಳ. ಒಬ್ಬರು ಎಳೆದರೆ ಬೀದಿಯ ಕೊನೆ ಮನೆಗೆ ನೀರೇ ಹೋಗುವುದಿಲ್ಲ. ಪೈಪಿನಲ್ಲಿ ಒತ್ತಡ ಬಿದ್ದಾಗ ಬಿರುಕಿನಿಂದ ಚರಂಡಿ ನೀರು ಒಳಗೆ ನುಗ್ಗಲೂಬಹುದು.

ಸರದಿ ನೀರೂ ಸಾಲದಾದಾಗ ಬೋರ್‌ವೆಲ್ ಬಂತು, ಅದು ಬತ್ತಿದ ಕಡೆ ಟ್ಯಾಂಕರ್ ಬಂತು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಕಟ್ಟಿತು. ಸಂಪಿನ ಅಳತೆಯನ್ನೂ ಟ್ಯಾಂಕರೇ ಹೇಳುವಂತಾಯಿತು: ಸಂಪು 6,000 ಲೀಟರಿಗಿಂತ ಚಿಕ್ಕದಾದರೆ ಸಣ್ಣ ಲೋಡೂ ಪೂರ್ತಿ ಹಿಡಿಯುವುದಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ.

ಈಗ ನಮ್ಮ ಮನೆ ಲೆಕ್ಕ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಇದೆ, ಜಲಜೀವನ್ ಮಿಷನ್‌ನಲ್ಲಿ 55 ಲೀಟರ್. ಐದು ಜನರ ಹಳ್ಳಿ ಮನೆಗೆ ದಿನಕ್ಕೆ 275, ಎರಡು ದಿನಕ್ಕೊಮ್ಮೆ ನೀರು ಬಂದರೆ 550 ಲೀಟರ್. 750 ಅಥವಾ 1,000 ಲೀಟರ್ ಟ್ಯಾಂಕು ಧಾರಾಳವಾಯಿತು. ದನಕರು ಇದ್ದರೆ ಅವಕ್ಕೆ ಬೇರೆ ಲೆಕ್ಕ ಹಾಕಿ.

1,000 ಲೀಟರ್ ನೀರು ಎಂದರೆ ಒಂದು ಟನ್ ಭಾರ. ಟ್ಯಾಂಕನ್ನು ತಾರಸಿ ನಡುವೆ ಇಡಬೇಡಿ, ಗೋಡೆ ಅಥವಾ ಬೀಮಿನ ಮೇಲೆ ಭಾರ ಬೀಳುವಂತೆ ಇಡಿಸಿ. ನಲ್ಲಿಗಿಂತ ಟ್ಯಾಂಕು ಎಷ್ಟು ಎತ್ತರವೋ ನೀರಿನ ರಭಸ ಅಷ್ಟು. ಸಂಪಿನಿಂದ ಒಂದೆರಡು ಅಂತಸ್ತು ಮೇಲಕ್ಕೆ ಅರ್ಧ ಎಚ್‌ಪಿ ಮೋಟರು ಸಾಕು. ನೆಲದ ಮೇಲಿನ ಮೋಟರು ಆರೇಳು ಮೀಟರಿಗಿಂತ ಆಳದಿಂದ ನೀರು ಎಳೆಯಲಾರದು. ಅದಕ್ಕಿಂತ ಆಳವಾದರೆ ನೀರಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಬೇಕು. ಸಂಪು ಖಾಲಿ ಇದ್ದಾಗ ಮೋಟರು ಓಡಿದರೆ ಸೀಲು ಸುಟ್ಟು ಹೋಗುತ್ತದೆ, ನೀರು ನೋಡಿಯೇ ಸ್ವಿಚ್ ಹಾಕಿ.

ಇನ್ನೊಂದು ನೀರು ತಲೆ ಮೇಲೇ ಬೀಳುತ್ತದೆ. 2009ರಲ್ಲಿ ಬೆಂಗಳೂರಿನಲ್ಲಿ 30-40 ಸೈಟಿನ ಹೊಸ ಮನೆಗಳಿಗೂ, 40-60 ಸೈಟಿನ ಹಳೇ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅದನ್ನು ತೋರಿಸಿಕೊಡಲು ಜಲಮಂಡಳಿ ಜಯನಗರದಲ್ಲೇ ಒಂದು ಉದ್ಯಾನ ಮಾಡಿದೆ. 1,000 ಚದರಡಿ ಚಾವಣಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್. ಹೆಚ್ಚು ಕಡಿಮೆ ಒಂದು ಟ್ಯಾಂಕು, ಅದೂ ಕರೆಂಟ್ ಬಿಲ್ಲಿಲ್ಲದೆ.

ಬೆಂಗಳೂರಿನವರು ಮನೆಗೊಂದು ಸಂಪು ತೋಡಿದ್ದು ಬೀದಿ ನಲ್ಲಿಯನ್ನು ನಂಬಲಾಗದೆ. ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಓವರ್‌ಹೆಡ್ ಟ್ಯಾಂಕು ಇದೆ. ಅದು ಹೊತ್ತಿಗೆ ಸರಿಯಾಗಿ ತುಂಬಿ, ನೀರುಗಂಟಿ ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸಿದರೆ ಮನೆ ಮನೆಗೆ ಸಂಪು, ಮೋಟರು ಬೇಕಾಗುವುದಿಲ್ಲ. ಟ್ಯಾಂಕು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಒಮ್ಮೆ ಗ್ರಾಮಸಭೆಗೆ ಹೋಗಿ, ನೀರು ಬಿಡುವ ಹೊತ್ತನ್ನು ಗೊತ್ತು ಮಾಡಿಸಿ.