ಕಲ್ಯದ ಶಾಸನವೂ ಬೆರಕೆ ಸೊಪ್ಪೂ

ಮಾಗಡಿ ತಾಲ್ಲೂಕಿನ ಕಲ್ಯ ಈಗ ಚಿಕ್ಕ ಊರು. ಶಾಸನದಲ್ಲಿ ಇದರ ಹೆಸರು ಕಲ್ಲೆಹದಪಟ್ಟಣ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ತೀರಿಸಿ ಬುಕ್ಕರಾಯನು 1368ರಲ್ಲಿ ಬರೆಯಿಸಿದ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಇಲ್ಲಿದೆ. ಅರಸನಲ್ಲಿ ಮೊರೆಯಿಟ್ಟವರಲ್ಲಿ ಆನೆಗೊಂದಿ, ಪೆನುಗೊಂಡೆಗಳವರ ಜೊತೆಗೆ ಈ ಪಟ್ಟಣದವರೂ ಇದ್ದರು. ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡತಕ್ಕದ್ದೆಂಬ ಕಟ್ಟಳೆಯೂ ಅದರಲ್ಲುಂಟು. ಆ ಹಣ ತೆತ್ತ ಮನೆಯಲ್ಲಿ ಅಂದು ಯಾವ ಸಾರು ಕುದಿಯುತ್ತಿತ್ತು? ಕಲ್ಲು ಅದನ್ನು ಹೇಳದು. ಬದುವಿನ ಮೇಲೆ ತಾನಾಗಿ ಹುಟ್ಟಿದ ಸೊಪ್ಪಿಗೆ ಯಾವ ಅರಸ ತಾನೆ ಶಾಸನ ಹಾಕಿಸಿಯಾನು!

ಆದರೆ ಕಲ್ಲು ಮರೆತದ್ದನ್ನು ಹೆಂಗಸರು ಮರೆತಿಲ್ಲ. ಮುಂಗಾರು ಹಿಡಿದು ರಾಗಿಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ಈ ಸೀಮೆಯ ಹೆಣ್ಣುಮಕ್ಕಳು ಬರಿಮಡಿಲಲ್ಲಿ ಮನೆಗೆ ಬರುತ್ತಿರಲಿಲ್ಲ. ಅಣ್ಣೆ, ಗಣಿಕೆ, ಹೊನಗೊನೆ, ಕನ್ನೆ, ಗೋಣಿ ಹೀಗೆ ಕೈಗೆ ಸಿಕ್ಕ ಐದಾರು ಬಗೆ ಕೂಡಿದರೆ ಅದೇ ಬೆರಕೆ ಸೊಪ್ಪು. ಗಂಡನಿಗೆ ಕಳೆಯಾದದ್ದು ಹೆಂಡತಿಗೆ ಸಾರು! ಕಾಳಿನೊಡನೆ ಬೇಯಿಸಿ ಬಸಿದ ಕಟ್ಟು ಬಸ್ಸಾರಿಗಾದರೆ, ಉಳಿದ ಸೊಪ್ಪುಕಾಳು ಪಲ್ಯಕ್ಕೆ. ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಕಂಡಿಲ್ಲ. ಬಾಯಿ ಹುಣ್ಣಾದಾಗ ನಮ್ಮಜ್ಜಿ ಗಣಿಕೆಯನ್ನೇ ಒಂದು ಹಿಡಿ ಹೆಚ್ಚು ಹಾಕುತ್ತಿದ್ದಳು. ಅಡುಗೆಯ ಸೊಪ್ಪು ಬೇರೆ, ಮದ್ದಿನ ಸೊಪ್ಪು ಬೇರೆ ಎಂಬುದು ಅವಳಿಗೆ ತಿಳಿಯದು. ವಿಷದ ಎಲೆ ಯಾವುದೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಪುಸ್ತಕವಿಲ್ಲದ ಈ ವಿದ್ಯೆ ತಾಯಿಯ ಬೆನ್ನ ಹಿಂದೆ ಹೊಲಕ್ಕೆ ಹೋದ ಮಗಳಿಗಷ್ಟೇ ದಕ್ಕುವಂಥದು.

ಬೇರಿನ ಮಾತೇ ಬೇರೆ. ಬಂಡೆಗಳ ಸಂದಿನಲ್ಲಿ ಹಬ್ಬುವ ಹಾಲುಬಳ್ಳಿಯೊಂದುಂಟು. ಅದರದೇ ಮಾಗಳಿ ಬೇರು. ಮಾಕಳಿ ಎಂದೂ ಹೇಳುತ್ತಾರೆ. ಸಿಪ್ಪೆ ಹೆರೆದು, ನಡುವಣ ನಾರುಕಡ್ಡಿ ತೆಗೆದು, ಹೋಳುಮಾಡಿ ಮಜ್ಜಿಗೆಯಲ್ಲಿ ಹಾಕಿದ ಉಪ್ಪಿನಕಾಯಿಯ ವಾಸನೆ ಕೆಲವರನ್ನು ಓಡಿಸುತ್ತದೆ, ಕೆಲವರನ್ನು ಕರೆಯುತ್ತದೆ. ಆ ಪರಿಮಳದ ದ್ರವ್ಯ ವೆನಿಲಾದ ದ್ರವ್ಯಕ್ಕೆ ದಾಯಾದಿಯೆಂದು ರಸಾಯನಜ್ಞರ ಮಾತು. ಕಂದಮೂಲ ವರ್ಜ್ಯವಾದ ಕಲ್ಯದ ಆ ಜೈನಗೃಹಿಣಿ ಇದನ್ನು ಮುಟ್ಟಿರಲಾರಳು, ಪಾಪ! ಸೊಪ್ಪು ಚಿವುಟಿದರೆ ಮತ್ತೆ ಚಿಗುರುತ್ತದೆ; ಬೇರನ್ನೆಲ್ಲ ಅಗೆದರೆ ಬಳ್ಳಿಯೇ ಹೋಯಿತು. ಮನೆಯ ಭರಣಿಗೆಂದು ಅಗೆಯುತ್ತಿದ್ದ ಕಾಲದಲ್ಲಿ ಬೆಟ್ಟ ಅದನ್ನು ತಾಳಿಕೊಂಡಿತು. ಪೇಟೆಗೆ ಮೂಟೆಗಟ್ಟಲೆ ಹೋಗತೊಡಗಿದ ಮೇಲೆ ತಾಳಲಿಲ್ಲ. ಇದೇ ತಾಲ್ಲೂಕಿನ ಸಾವನದುರ್ಗದಲ್ಲಿ ಔಷಧಿ ಸಸ್ಯಗಳಿಗೆಂದು ಕಾಡನ್ನು ಕಾದಿಡುವ ಏರ್ಪಾಡಾಗಿದೆ. ಒಳ್ಳೆಯದೇ. ಆದರೆ ಉಪ್ಪಿನಕಾಯಿ ತಿನ್ನುವ ನಾವು, ನನ್ನನ್ನೂ ಸೇರಿಸಿ, ಬೇರು ಎಲ್ಲಿಂದ ಬಂತೆಂದು ಅಂಗಡಿಯವನನ್ನು ಎಂದಾದರೂ ಕೇಳಿದ್ದೇವೆಯೇ?

ಹೊಲದ ಸೊಪ್ಪಿಗೂ ಈಗ ಕಷ್ಟ ಬಂದಿದೆ. ಕೂಲಿಯಾಳು ಸಿಗದೆ ರೈತ ಕಳೆಗೆ ವಿಷ ಸಿಂಪಡಿಸುತ್ತಾನೆ, ಅವನನ್ನು ದೂರಲಾರೆ. ಆ ವಿಷಕ್ಕೂ ಹಳ್ಳಿಯಲ್ಲಿ ‘ಔಷಧಿ’ಯೆಂದೇ ಹೆಸರು. ಹೋದ ಶ್ರಾವಣದಲ್ಲಿ ಮಾಗಡಿಯ ಬೀದಿಯಲ್ಲಿ ಮುದುಕಿಯೊಬ್ಬಳು ಬೆರಕೆ ಸೊಪ್ಪು ಗುಡ್ಡೆಹಾಕಿಕೊಂಡು ಕುಳಿತಿದ್ದಳು.

“ಯಾವ ಹೊಲದ್ದಜ್ಜಿ?” ಎಂದೆ.

“ಔಷ್ದಿ ಹೊಡೀದೆ ಇರೋ ಹೊಲದ್ದು ಕಣಪ್ಪ. ಅದ್ಕೇ ಇಷ್ಟೇ ಸಿಕ್ಕಿರೋದು,” ಎಂದಳು.