ಹೊಸಪೇಟೆಯ ಕಾಲೇಜೂ ಗ್ರಂಥಭಂಡಾರವೂ

ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೊಳಪಟ್ಟಿದ್ದ ಕಾಲದಲ್ಲಿ ಚಿತ್ತವಾಡ್ಗಿ, ಹೊಸಪೇಟೆಗಳ ಮಕ್ಕಳಿಗೆ ಉಚ್ಚ ವಿದ್ಯೆಯೆಂಬುದು ಪರವೂರಿನ ಮಾತಾಗಿದ್ದಿತು. 1916ರಲ್ಲಿ ಉದಯಿಸಿದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ಬಳ್ಳಾರಿಯಲ್ಲಿ ಕಾಲೇಜನ್ನು ತೆರೆದರೂ, ಇಲ್ಲಿಯ ಬಡ ವಿದ್ಯಾರ್ಥಿಗೆ ಅದು ಸುಮಾರು 40 ಮೈಲಿಯ ದಾರಿ. ಊಟ ವಸತಿಗಳ ವೆಚ್ಚವು ಬೇರೆ. 1964ರಲ್ಲಿ ಆ ಸಂಘವೇ ಹೊಸಪೇಟೆಯಲ್ಲಿ ವಿಜಯನಗರ ಕಾಲೇಜನ್ನು ಸ್ಥಾಪಿಸಲು, ಪಾಠದೊಡನೆ ಪುಸ್ತಕವೂ ಮನೆಯ ಬಾಗಿಲಿಗೆ ಬಂದಿತು.

ಕಾಲೇಜೆಂದರೆ ಕಟ್ಟಡವೆಂದೆಣಿಸುವವರುಂಟು, ಪುಸ್ತಕ ಕೊಳ್ಳಲಾರದವನಿಗೆ ಗ್ರಂಥಭಂಡಾರವೇ ಎರಡನೆಯ ಗುರು. ಶರಣರ ವಚನಗಳಾದರೂ ಬಹುಕಾಲ ತಾಡೋಲೆಯ ಕಟ್ಟುಗಳಲ್ಲಿಯೇ ಪೂಜೆಗೊಳ್ಳುತ್ತಿದ್ದವು. ಓದುವವರು ವಿರಳ, ಗೆದ್ದಲಿಗೆ ಮಾತ್ರ ಸುಲಭ! ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದುದರಿಂದ ಅವು ಸರ್ವರ ಕೈಗೂ ನಿಲುಕಿದವು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಅದರ ಹಸ್ತಪ್ರತಿ ವಿಭಾಗವು ಓಲೆಗಳನ್ನು ಸಂಗ್ರಹಿಸಿ ರಕ್ಷಿಸತೊಡಗಿತು. ಅಟ್ಟದ ಮೇಲಣ ಕಟ್ಟುಗಳನ್ನು ಇನ್ನೂ ಕೆಳಗಿಳಿಸದ ಮನೆತನಗಳಿಗೆ ಈಗ ದಾರಿಯು ಬಲು ಹತ್ತಿರ.