ಕನ್ನಡ ಕಥಾಸಾಹಿತ್ಯದಲ್ಲಿ ಪ್ರೇಮಗಳ ಸಂಘರ್ಷ

ಮಾತೃವಾತ್ಸಲ್ಯ, ದಾಂಪತ್ಯಾನುರಾಗ, ಸಖ್ಯ, ವಿದ್ಯಾಸಕ್ತಿ, ಮೋಕ್ಷಾಪೇಕ್ಷೆ ಎಂಬ ಭಿನ್ನ ಭಿನ್ನ ಒಲವುಗಳು ಒಂದೇ ಜೀವದ ಮೇಲೆ ಏಕಕಾಲದಲ್ಲಿ ಅಧಿಕಾರ ಸಾಧಿಸಹೊರಟಾಗ ಉಂಟಾಗುವ ಘರ್ಷಣೆಯು ಕನ್ನಡ ಕಥನದ ಪುರಾತನ ವಸ್ತುಗಳಲ್ಲಿ ಒಂದು. ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನು, ಕುಂತಿಯೇ ತನ್ನ ಹೆತ್ತ ತಾಯಿಯೆಂದು ಅರಿತ ಮೇಲೂ, ಅನ್ನವಿತ್ತು ಮನ್ನಿಸಿದ ದುರ್ಯೋಧನನ ಸಖ್ಯವನ್ನು ತೊರೆಯಲೊಲ್ಲನು. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ ತಾಯಿ ಯಶೋಭದ್ರೆಯು ಮಗನು ವಿರಕ್ತನಾದಾನೆಂಬ ಭೀತಿಯಿಂದ ಮುನಿಗಳ ದರ್ಶನವನ್ನೇ ತಪ್ಪಿಸಿ ಅವನನ್ನು ಭೋಗದ ನಡುವೆ ಬೆಳೆಸಿದರೂ ವೈರಾಗ್ಯವು ಅವನನ್ನು ಸೆಳೆದೊಯ್ಯುತ್ತದೆ.

ಇವೆಲ್ಲಕ್ಕಿಂತ ಕಠೋರವಾದುದು 1209ರ ಜನ್ನನ ‘ಯಶೋಧರ ಚರಿತೆ’. ಪತಿ ಯಶೋಧರನ ಪ್ರೀತಿಗಾಗಲಿ ಅರಮನೆಯ ಸೌಖ್ಯಕ್ಕಾಗಲಿ ಕೊರತೆಯಿಲ್ಲದ ಅಮೃತಮತಿಯು ವಿರೂಪನಾದ ಮಾವುತನೊಬ್ಬನ ಹಾಡಿಗೆ ಮನಸೋಲುವಳು. ಕಣ್ಣಾರೆ ಕಂಡ ಆ ದುರಂತವನ್ನು ದುಃಸ್ವಪ್ನದ ನೆವದಲ್ಲಿ ಮರೆಮಾಚಿದ ಯಶೋಧರನು, ಮಗನಿಗೆ ಕೇಡಾಗದಿರಲೆಂದು ಹಂಬಲಿಸುವ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಯಿತ್ತು ಜನ್ಮಾಂತರಗಳ ದುಃಖಕ್ಕೆ ಗುರಿಯಾಗುವನು. ಪತ್ನಿಯ ದ್ರೋಹದಷ್ಟೇ ತಾಯಿಯ ಮಮತೆಯೂ ಅನರ್ಥಕ್ಕೆ ಹಾದಿಯಾಯಿತೆಂಬ ಈ ನಿರ್ದಾಕ್ಷಿಣ್ಯವಾದ ಕಾಣ್ಕೆಯನ್ನು ಮೀರಿದುದು ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ವಿರಳ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಈ ಸಂಘರ್ಷವನ್ನು ಸಮಕಾಲೀನ ಗೃಹದೊಳಗೆ ತಂದಿತು. ಬಾಲವಿಧವೆ ತೌರನ್ನು ತೊರೆದು, ವಿದ್ಯೆ ಕಲಿತು, ಪುನರ್ವಿವಾಹವಾಗುವಳು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ನಾಗವೇಣಿಯಾದರೋ, ಗಂಡ ಲಚ್ಚನಿಂದ ದೊರೆಯದ ಪ್ರೀತಿಯನ್ನು ಮಗ ರಾಮನಲ್ಲಿ ಅರಸುವಳು: ವಯಸ್ಸು ಸಂದಂತೆ ಒಂದು ಪ್ರೇಮದ ಸ್ಥಾನವನ್ನು ಮತ್ತೊಂದು ಆಕ್ರಮಿಸುವ ಬಗೆಗೆ ಇದು ಹೃದಯಸ್ಪರ್ಶಿಯಾದ ನಿದರ್ಶನ.

ಈ ವಸ್ತುವಿಗೆ ಪೂರ್ಣವಿಸ್ತಾರ ದೊರೆತುದು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ (1965). ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ವಿಧವೆ ಸೊಸೆ ಕಾತ್ಯಾಯನಿಯು ಮೈಸೂರಿನಲ್ಲಿ ಓದುತ್ತ ರಾಜನೆಂಬವನನ್ನು ಮೆಚ್ಚಿ ವರಿಸುವಾಗ, ಮಗುವನ್ನು ಮಾವನ ಮನೆಯಲ್ಲಿಯೇ ಬಿಟ್ಟು ಬರಬೇಕಾಗುತ್ತದೆ. ಎರಡನೆಯ ದಾಂಪತ್ಯದಲ್ಲಿ ಗರ್ಭ ನಿಲ್ಲದೆ, ಬೆಳೆದ ಮಗನಿಂದ ತಾಯಿಯೆಂಬ ಸ್ವೀಕಾರವೂ ದೊರೆಯದೆ, ಆಕೆ ಕೃಶಳಾಗುತ್ತಾಳೆ. ಶ್ರೋತ್ರಿಯರು ಅವಳನ್ನು ನಿಂದಿಸುವುದಿಲ್ಲ. ನಿಂದೆಯಿಲ್ಲದ ಆ ಘನತೆಯೇ ಅವಳಿಗೆ ಹೆಚ್ಚಿನ ಭಾರ. ಮುಂದೆ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಇದನ್ನು ಚಲನಚಿತ್ರವಾಗಿಸಿದರು.

ಓದುಗರ ಅನುಕಂಪವು ಕಾತ್ಯಾಯನಿಯತ್ತ ಹರಿಯುವುದು ಸಹಜವಾದರೂ, ಅದೇ ಕೃತಿಯ ನಾಗಲಕ್ಷ್ಮಿಯನ್ನು ಗಮನಿಸದ ಅಧ್ಯಯನವು ಅಪೂರ್ಣವೇ ಸರಿ. ಅವಳ ಪತಿ ಸದಾಶಿವರಾಯರು ಇತಿಹಾಸ ಗ್ರಂಥರಚನೆಯ ಮಹದಾಕಾಂಕ್ಷೆಯಲ್ಲಿ ಮುಳುಗಿ, ಆ ಕಾರ್ಯದಲ್ಲಿ ನೆರವಾದ ಸಿಂಹಳದ ಶಿಷ್ಯೆ ಕರುಣರತ್ನೆಯನ್ನು ಮದುವೆಯಾಗುವಾಗ, ನಾಗಲಕ್ಷ್ಮಿಯ ನಿಷ್ಠೆಯು ಸೋಲುವುದು ಕೇವಲ ಸವತಿಗಲ್ಲ, ಜ್ಞಾನಪ್ರೇಮಕ್ಕೆ. ಆ ಎದುರಾಳಿಯೊಡನೆ ಹೋರಾಡುವ ಸಾಧನವೊಂದೂ ಅವಳ ಬಳಿಯಿಲ್ಲ. ರಾಮನಾಮ ಬರೆಯುವುದರಲ್ಲಿ ಅವಳು ಆಶ್ರಯ ಕಂಡುಕೊಳ್ಳುತ್ತಾಳೆ.